ಪಾಲಿಲ್ಲದ ಕೈ

ನನಗೆ ಇಂಗ್ಲಿಷ್ ಕಲಿಸಿದ್ದು ಎರಡು ಜಗಳ. ದೊಡ್ಡದು ಎರಡು ದೇಶಗಳದ್ದು, ಪೇಪರಿನಲ್ಲಿ ಬರುತ್ತಿತ್ತು. ಸಣ್ಣದು ನಮ್ಮಪ್ಪ ತೋಂಟದಾರ್ಯ ಮತ್ತು ದೊಡ್ಡಪ್ಪ ಮಲ್ಲಿಕಾರ್ಜುನಯ್ಯನದು, ತೆಂಗಿನ ತೋಟದ ಬದುವಿನ ಮೇಲೆ ನಡೆಯುತ್ತಿತ್ತು. ಸಣ್ಣದು ಎಂದು ಈಗ ಹೇಳುತ್ತಿದ್ದೇನೆ. ಆಗ ಹಾಗಂದಿದ್ದರೆ ಇಬ್ಬರೂ ಸೇರಿ ನನ್ನ ಬೆನ್ನು ಮುರಿಯುತ್ತಿದ್ದರು. ಆ ಒಂದು ಕೆಲಸಕ್ಕಾದರೂ ಅಣ್ಣತಮ್ಮಂದಿರು ಒಂದಾಗುತ್ತಿದ್ದರು.

ನಮ್ಮೂರು ನೊಣವಿನಕೆರೆಯಿಂದ ಸ್ವಲ್ಪ ಒಳಕ್ಕೆ. ಎಪ್ಪತ್ತೊಂದರಲ್ಲಿ ನಾನು ಎಸ್ಸೆಸ್ಸೆಲ್ಸಿಗೆ ಕೂತು ಇಂಗ್ಲಿಷೊಂದರಲ್ಲಿ ಡುಮ್ಕಿ ಹೊಡೆದೆ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದೆ, ಮತ್ತೆ ಡುಮ್ಕಿ. ಹುಡುಗ ಫೇಲಾದರೆ ನಮ್ಮ ಕಡೆ ಇನ್ನೊಂದು ಸಲ ಕಟ್ಟು ಅನ್ನುತ್ತಾರೆ. ಹುಡುಗಿ ಫೇಲಾದರೆ ಗಂಡು ನೋಡುತ್ತಾರೆ. ನನಗೆ ಕಂದಿಕೆರೆ ಕಡೆಯ ಒಂದು ಮನೆ ನೋಡಿದ್ದರು. ಹುಡುಗ ಕೆಟ್ಟವನೇನಲ್ಲ, ಆದರೆ ನನಗೆ ಬೇಕಾಗಿದ್ದದ್ದು ತುಮಕೂರಿನಲ್ಲಿ ಟೀಚರ್ ಟ್ರೈನಿಂಗು. ಆ ಬಾಗಿಲಿಗೆ ಇಂಗ್ಲಿಷ್ ಎಂಬ ಒಂದೇ ಒಂದು ಬೀಗ ಬಿದ್ದಿತ್ತು.

ನಮ್ಮ ಹೈಸ್ಕೂಲಿನ ಶ್ರೀರಂಗಯ್ಯ ಮೇಷ್ಟ್ರ ಹತ್ತಿರ ಹೋಗಿ ಅತ್ತೆ. ಅವರು ಮೂಗಿಗೆ ನಶ್ಯ ಏರಿಸಿಕೊಂಡು ಹೇಳಿದರು: “ಪಠ್ಯಪುಸ್ತಕ ಎತ್ತಿಡಮ್ಮ. ಇಂಗ್ಲಿಷ್ ಪೇಪರ್ ಓದು. ಅದರಲ್ಲೂ ಗಡಿ ಜಗಳದ ಸುದ್ದಿ ಓದು. ಜಗಳ ಆಡೋರು ಆಡಿದ ಮಾತನ್ನೇ ದಿನಾ ಆಡ್ತಿರ್ತಾರೆ. ಪದ ತಾನಾಗಿ ಬಾಯಲ್ಲಿ ಕೂತ್ಕೊಳುತ್ತೆ.”

ಅದು ಡಿಸೆಂಬರು. ಯುದ್ಧ ಶುರುವಾಗಿತ್ತು. ನಮ್ಮಜ್ಜಿ ಸುವರ್ಣಮ್ಮ ಸೋಮವಾರ ಸೋಮವಾರ ನೊಣವಿನಕೆರೆ ಮಠಕ್ಕೆ ಹೋಗುವವಳು. ಬರುವಾಗ ಮೇಷ್ಟ್ರ ಮನೆ ಜಗುಲಿಯಿಂದ ಆ ವಾರದ ಪೇಪರುಗಳನ್ನು ಕಂಕುಳಲ್ಲಿ ಇರುಕಿಕೊಂಡು ತರುತ್ತಿದ್ದಳು. ಅವಳಿಗೆ ಕನ್ನಡದ ಅಕ್ಷರವೂ ಬಾರದು. ಆದರೆ ತಂದುಕೊಡುವುದಕ್ಕೆ ಅವಳದೊಂದು ಕರಾರು ಇತ್ತು.

“ಓದಿದ್ದನ್ನ ನಂಗೆ ಹೇಳ್ಬೇಕು ಕಣೇ ಗಿರಿಜಾ. ನಂಗೆ ತಿಳೀದಿದ್ರೆ ನಿಂಗೂ ತಿಳಿದಿಲ್ಲ ಅಂತ್ಲೇ.”

ಅಜ್ಜಿ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಾ ಕೂರುವಳು, ನಾನು ಎದುರಿಗೆ ಕೂತು ಓದುವೆ. ಸೀಸ್‌ಫೈರ್ ಅಂದೆ. ಅದೇನು ಅಂದಳು. ಗುಂಡು ಹಾರಿಸೋದು ನಿಲ್ಲಿಸೋದು ಅಜ್ಜಿ, ಅಂದೆ. “ಜಗಳ ನಿಂತ್‌ಹೋಯ್ತಾ?” ಇಲ್ಲ, ಜಗಳ ಹಾಗೇ ಇರುತ್ತೆ, ಗುಂಡು ಮಾತ್ರ ನಿಲ್ಲುತ್ತೆ. “ಓ, ನಾನೂ ನಿಮ್ಮ ತಾತನೂ ಇದ್ದಂಗೆ” ಅಂದಳು. ಆ ಪದ ನಾನು ಇವತ್ತಿಗೂ ಮರೆತಿಲ್ಲ.

ಏಪ್ರಿಲ್ ಪರೀಕ್ಷೆಗೆ ಕಟ್ಟಬೇಕಾಗಿತ್ತು. ಕಟ್ಟಲಿಲ್ಲ, ಯಾಕೆಂದರೆ ಆ ಯುಗಾದಿಯ ಆಸುಪಾಸಿನಲ್ಲಿ ನಮ್ಮ ಮನೆ ಪಾಲಾಯಿತು. ಆ ಗದ್ದಲದಲ್ಲಿ ನನ್ನ ಪರೀಕ್ಷೆ ಯಾರ ತಲೆಗೂ ಬರಲಿಲ್ಲ. ನನ್ನ ತಲೆಗೆ ಬಂದಿತ್ತು, ಆದರೆ ಅದು ಲೆಕ್ಕಕ್ಕಿಲ್ಲವಲ್ಲ.

ಪಾಲು ಮಾಡುವ ದಿನ ಊರಿನ ಹಿರೀಕ ಸದಾಶಿವಯ್ಯ ಬಂದು ಕೂತ. ತೋಟವನ್ನು ಎರಡು ಭಾಗ ಮಾಡಿ ಚೀಟಿ ಬರೆದರು. ರಸ್ತೆ ಕಡೆಯ ತೋಟ, ಹಳೇ ಮನೆ ಒಂದು ಚೀಟಿ. ಒಳಗಿನ ತೋಟ, ಕೊಟ್ಟಿಗೆ ಮನೆ ಇನ್ನೊಂದು. ಎತ್ತುವವರು ಯಾರು ಅಂತ ಬಂದಾಗ ಸದಾಶಿವಯ್ಯ ನನ್ನ ಕಡೆ ಕೈ ತೋರಿಸಿದ. “ಗಿರಿಜಾ ಎತ್ಲಿ. ಹೆಣ್ಣುಮಗ. ಪಾಲಿಲ್ಲದ ಕೈ. ಅದ್ರಲ್ಲಿ ಮೋಸ ಬರಾಕಿಲ್ಲ.” ನಮ್ಮಲ್ಲಿ ಅದೇ ಪದ್ಧತಿ. ಆಸ್ತಿಯಲ್ಲಿ ಏನೂ ಇಲ್ಲದವಳ ಕೈಯೇ ಆಸ್ತಿ ಹಂಚುವುದಕ್ಕೆ ಶುದ್ಧ. ನನ್ನ ಕೈ ತೊಳೆಸಿದರು, ಹಣೆಗೆ ವಿಭೂತಿ ಇಟ್ಟರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನೋ ದೊಡ್ಡ ಗೌರವ ಅಂದುಕೊಂಡು ಎತ್ತಿದೆ.

ಒಳಗಿನ ತೋಟ ಅಪ್ಪನಿಗೆ ಬಂತು. ರಸ್ತೆ ದೊಡ್ಡಪ್ಪನಿಗೆ ಹೋಯಿತು. “ನಿನ್ನ ಕೈಯಿಂದ್ಲೇ ಆಗ್ಬೇಕಿತ್ತಾ” ಅಂತ ಅಪ್ಪ ಆವತ್ತು ಗೊಣಗಿದ್ದನ್ನು ನಾನು ಮರೆಯುವವಳಲ್ಲ.

ಅಜ್ಜಿಯನ್ನೂ ಹಂಚಿದರು. ಒಂದು ತಿಂಗಳು ಈ ಮಗನ ಮನೆ, ಒಂದು ತಿಂಗಳು ಆ ಮಗನ ಮನೆ. ಅಜ್ಜಿ ಎದ್ದು ನಿಂತು, “ನಾನೇನು ಪಾಲಿಗೆ ಬಿಟ್ಟ ಎಮ್ಮೇನಾ? ನಂಗೆ ಪೇಪರ್ ಓದೋರು ಎಲ್ಲವ್ರೋ ಅಲ್ಲಿರ್ತೀನಿ” ಅಂದು ನಮ್ಮ ಕೊಟ್ಟಿಗೆ ಮನೆಗೆ ಬಂದುಬಿಟ್ಟಳು. ಹಂಚದೆ ಉಳಿದದ್ದು ಒಂದೇ, ಅಟ್ಟದ ಮೇಲಿನ ಕಾಯಿ. ಕೊಬ್ಬರಿಗೆ ಅಂತ ಅಟ್ಟಕ್ಕೆ ಹಾಕಿದ ಕಾಯಿಯನ್ನು ವರ್ಷ ತುಂಬುವ ತನಕ ಯಾರೂ ಮುಟ್ಟುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕಾಯಿ ಚಿಪ್ಪಿನೊಳಗೇ ಉಂಡೆಯಾಗಿ ಬಿಡಿಸಿಕೊಳ್ಳಬೇಕು, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ನಡುವೆ ಕೆದಕಿದರೆ ಕೊಳೆತು ಹೋಗುತ್ತದೆ. ಆ ಅಟ್ಟ ಇದ್ದದ್ದು ಹಳೇ ಮನೆಯಲ್ಲಿ, ಅಂದರೆ ಈಗ ದೊಡ್ಡಪ್ಪನ ಮನೆಯಲ್ಲಿ. ವರ್ಷ ತುಂಬಿದ ಮೇಲೆ ಇಳಿಸಿ ಹಂಚಿಕೊಳ್ಳೋದು ಅಂತ ಮಾತಾಯಿತು.

ಜಗಳ ಶುರುವಾದದ್ದು ಒಂದು ಮರದಿಂದ. ಬುಡ ನಮ್ಮ ಕಡೆ, ತಲೆ ದೊಡ್ಡಪ್ಪನ ಕಡೆ ವಾಲಿತ್ತು. ಕಾಯಿ ಉದುರಿದರೆ ಅತ್ತ ಬೀಳುತ್ತಿತ್ತು. ಬಿದ್ದ ಕಾಯಿಯನ್ನು ದೊಡ್ಡಮ್ಮ ಚಟ್ನಿಗೆ ಹಾಕಿದಳು. ಅಪ್ಪ ಅತ್ತ ಹೋಗಿ ಗರಿ, ಕಾಯಿ, ಕೊನೆಗೆ ಉದುರಿದ ಎಳೇ ಮಿಡಿಯನ್ನೂ ಬಿಡದೆ ಬಾಚಿಕೊಂಡು ಬಂದ. ದೊಡ್ಡಪ್ಪ ರಸ್ತೆಗೆ ಹೋಗುವ ಬಂಡಿಜಾಡಿಗೆ ಜಾಲಿಮುಳ್ಳಿನ ಬೇಲಿ ಎಳೆದ. ಆ ಜಾಡು ಎರಡೂ ಮನೆಗೆ ಅಂತ ಪಾಲಿನ ದಿನ ಬಾಯಿಮಾತಿನಲ್ಲಿ ಬಿಟ್ಟಿದ್ದರು. ಬಾಯಿಮಾತು ಬಾಯಲ್ಲೇ ಉಳಿಯಿತು. ಬೇಲಿ ಕಂಡ ಅಪ್ಪ ಉರಿದುಬಿದ್ದು, ಎದೆಯ ಮೇಲಿನ ಲಿಂಗ ಮುಟ್ಟಿ ಆಣೆ ಹಾಕಿದ: “ಇವತ್ತಿಂದ ಆ ಮಣ್ಣಿಗೆ ನಾನು ಕಾಲಿಟ್ರೆ ಕೇಳು. ನನ್ನ ಮನೆಯೋರೂ ಅಷ್ಟೇ.” ಅಲ್ಲಿಂದ ನಾವೆಲ್ಲ ಹಿಂದಿನ ಹಳ್ಳ ಇಳಿದು, ಹತ್ತಿ, ನೆರೆಯ ಬೆಟ್ಟಸ್ವಾಮಿಯ ಹೊಲದ ಬದು ಸುತ್ತಿ ರಸ್ತೆಗೆ ಸೇರಬೇಕಾಯಿತು.

ನನ್ನ ಇಂಗ್ಲಿಷ್ ಮಾತ್ರ ಏರಿತು. ಪೇಪರಿನಲ್ಲಿ ಬ್ಲಾಕೇಡ್ ಅಂತ ಬಂದರೆ ಅರ್ಥ ಹುಡುಕಲು ಡಿಕ್ಷನರಿ ಬೇಕಾಗಿರಲಿಲ್ಲ, ಅಂಗಳದಲ್ಲಿ ನಿಂತು ಕತ್ತು ಎತ್ತಿದರೆ ಸಾಕು, ದಾರಿ ಕಟ್ಟಿದ ಮುಳ್ಳು ಕಾಣುತ್ತಿತ್ತು. ಅಪ್ಪ ಬೆಟ್ಟಸ್ವಾಮಿಯನ್ನು ರಾಜಿಗೆ ಕಳಿಸಿದ. ದೊಡ್ಡಪ್ಪ, “ಇದು ನಮ್ಮಿಬ್ರದ್ದು, ಮೂರ್ನೇವ್ರು ಬಾಯಿ ಹಾಕೋದು ಬ್ಯಾಡ” ಅಂದು ಅಟ್ಟಿದ. ಅದೇ ವಾರ ಸಿಮ್ಲಾದ ಸುದ್ದಿ ಬಂತು, ಮಾತು ಎರಡೇ ದೇಶಗಳ ನಡುವೆ ಅಂತ. ಬೈಲ್ಯಾಟರಲ್ ಅಂತ ಜೋರಾಗಿ ಓದಿದೆ. ಯುದ್ಧದಲ್ಲಿ ಹಿಡಿದ ಸೆರೆಯಾಳುಗಳನ್ನು ಯಾವಾಗ ಬಿಡುವುದು ಅಂತ ಇನ್ನೂ ತೀರ್ಮಾನವಾಗಿಲ್ಲ ಎಂದು ಓದಿದಾಗ ಅಜ್ಜಿ ಕಡ್ಡಿ ಕೆಳಗಿಟ್ಟು ನಕ್ಕಳು. “ನಿಮ್ಮಪ್ಪನ ಕಾಯೂ ಅಟ್ಟದ ಮ್ಯಾಲೆ ಅಂಗೇ ಕೂತವೆ ಕಣೇ. ಪಾಪ, ಅವ್ಕೆ ಒಲೆ ಹೊಗೆ ಬ್ಯಾರೆ.”

ಆ ಮಳೆಗಾಲದಲ್ಲಿ ಒಂದು ದಿನ ನ್ಯೂಟ್ರಲ್ ಅನ್ನುವ ಪದ ಬಂತು. ಎರಡೂ ದೇಶಗಳು ಮಾತು ಬಿಟ್ಟಿದ್ದಾಗ ಸ್ವಿಟ್ಜರ್ಲೆಂಡ್ ಅನ್ನುವ ಮೂರನೇ ದೇಶ ಇಬ್ಬರ ನಡುವೆ ಓಡಾಡಿ ಮಾತು ಮುಟ್ಟಿಸುತ್ತಿತ್ತು ಅಂತ ಬರೆದಿತ್ತು.

“ಅದ್ಯಾಕೆ ಅವ್ರನ್ನ ಮಾತ್ರ ಎರ್ಡೂ ಕಡೆಯೋರು ಬುಡ್ತಾರೆ?” ಅಂದಳು ಅಜ್ಜಿ.

“ಅವರಿಗೆ ಈ ಜಗಳದಲ್ಲಿ ಪಾಲಿಲ್ಲ ಅಜ್ಜಿ. ಅದಕ್ಕೆ.”

ಅಜ್ಜಿಯ ಕತ್ತಿ ಗರಿಯ ಮೇಲೆ ನಿಂತಿತು. ಬೇಲಿ ಕಡೆ ನೋಡಿದಳು, ನನ್ನ ಕೈ ನೋಡಿದಳು. “ಪಾಲಿಲ್ದೋರ್ಗೆ ಬೇಲೀನೂ ಇಲ್ಲ ಅನ್ನು” ಅಂದಳು. ನಾನು ಮುಂದಿನ ಸಾಲಿಗೆ ಹೋದೆ. ಆದರೆ ಆ ಮಾತು ಮುಳ್ಳಿನ ಹಾಗೆ ಎಲ್ಲೋ ಚುಚ್ಚಿಕೊಂಡಿತು. ಹಣೆಗೆ ಹಚ್ಚಿದ ವಿಭೂತಿ ನೆನಪಾಗಿ ಮೊದಲ ಸಲ ಅವಮಾನವಾಯಿತು. ನನ್ನನ್ನು ಪೀಠಕ್ಕೆ ಕೂರಿಸಿರಲಿಲ್ಲ, ಬಾಗಿಲ ಹೊರಗೆ ನಿಲ್ಲಿಸಿದ್ದರು.

ಅಕ್ಟೋಬರ್ ಬಂತು. ಇದೇ ಕೊನೇ ಸಲ, ಆಮೇಲೆ ಕಂದಿಕೆರೆಯವರಿಗೆ ಮಾತು ಕೊಟ್ಟುಬಿಡುತ್ತೇನೆ ಎಂದು ಅಪ್ಪ ಮೊದಲೇ ಹೇಳಿದ್ದ. ಇಂಗ್ಲಿಷ್ ಪರೀಕ್ಷೆ ತಿಪಟೂರಿನಲ್ಲಿ, ಬೆಳಗ್ಗೆ. ತುರುವೇಕೆರೆಯಿಂದ ಬರುವ ಮೊದಲ ಬಸ್ಸು ದೊಡ್ಡಪ್ಪನ ತೋಟದ ಬಾಯಲ್ಲಿ ನಿಲ್ಲುತ್ತಿತ್ತು. ಅದು ತಪ್ಪಿದರೆ ಇನ್ನೊಂದು ಮಧ್ಯಾಹ್ನಕ್ಕೆ. ಹಿಂದಿನ ದಿನ ಚಿತ್ತೆ ಮಳೆ ಎಲ್ಲಿತ್ತೋ ಏನೋ, ಹುಯ್ದೇ ಹುಯ್ದಿತು. ಬೆಳಗ್ಗೆ ಹೋಗಿ ನೋಡಿದರೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಹಗ್ಗ ಕಟ್ಟಿ ದಾಟಿಸಲೂ ಆಗುವ ಹಾಗಿರಲಿಲ್ಲ.

ಅಪ್ಪ ದಡದಲ್ಲಿ ನಿಂತು ನೋಡಿ ಹೆಗಲ ಟವೆಲ್ ಒದರಿಕೊಂಡ. “ಆಯ್ತು ಬುಡು. ದಾರಿ ಇಲ್ಲ. ನಿನ್ನ ಹಣೇಲಿ ಬರ್ದಿಲ್ಲ.”

“ದಾರಿ ಐತಲ್ಲಪ್ಪ. ಎದುರಿಗೇ ಐತೆ.”

“ಆಣೆ ಹಾಕಿವ್ನಿ ಗಿರಿಜಾ. ಆ ಮಣ್ಣು ತುಳ್ದು ಪಾಸಾಗೋದಕ್ಕಿಂತ ಫೇಲಾಗೋದೇ ಮೇಲು.”

ಫೇಲಾಗುವುದು ಅವನಲ್ಲವಲ್ಲ! ಅವ್ವ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ನಾನು ಒಳಗೆ ಹೋಗಿ ಹಾಲ್ ಟಿಕೆಟ್ ತಗೊಂಡೆ, ಪೆನ್ನಿಗೆ ಇಂಕು ತುಂಬಿದೆ, ಚಪ್ಪಲಿ ಮೆಟ್ಟಿದೆ. ಹೊರಗೆ ಬಂದರೆ ಅಜ್ಜಿ ಕಾಯಿ ಕೀಳುವ ದೋಟಿ ಹಿಡಿದು ನಿಂತಿದ್ದಳು. ಅವಳಿಗಿಂತ ಎರಡರಷ್ಟು ಉದ್ದದ ಬಿದಿರು ಗಳ, ತುದಿಯಲ್ಲಿ ಕುಡುಗೋಲು.

“ನಡಿ” ಅಂದಳು.

ಬೇಲಿಯ ಮುಳ್ಳಿನ ಕಂತೆಗೆ ಅಜ್ಜಿ ಕುಡುಗೋಲು ಸಿಕ್ಕಿಸಿ ಎಳೆದಳು. ನಾನು ಇನ್ನೊಂದು ಕಂತೆ ಎಳೆದೆ. ಅಂಗೈ ತುಂಬ ಮುಳ್ಳು ಕೊರೆಯಿತು. ಸದ್ದಿಗೆ ದೊಡ್ಡಪ್ಪ ಓಡಿ ಬಂದ, ಬಾಯಲ್ಲಿ ಇನ್ನೂ ಬೇವಿನ ಕಡ್ಡಿ. ಅದನ್ನು ಉಗಿದು ಜಾಡಿಗೆ ಅಡ್ಡ ನಿಂತ.

“ಯಾರ್ನ ಕೇಳಿ ಬೇಲಿಗೆ ಕೈ ಹಾಕ್ದೆ? ನಿಮ್ಮಪ್ಪ ಕಳಿಸಿದ್ನಾ?”

“ಇಲ್ಲ ದೊಡ್ಡಪ್ಪ. ಅಪ್ಪ ಬ್ಯಾಡ ಅಂದ. ನಾನೇ ಬಂದೆ.”

ಅಪ್ಪ ಹಿಂದೆಯೇ ಓಡಿ ಬಂದಿದ್ದ. ಬದುವಿನ ಕಲ್ಲಿನ ಹತ್ತಿರ ಗಕ್ಕನೆ ನಿಂತ. ಲಿಂಗ ಮುಟ್ಟಿ ಆಣೆ ಹಾಕಿದವನು ಹೇಗೆ ದಾಟುತ್ತಾನೆ? “ಗಿರಿಜಾ! ಬಾ ಹಿಂದಕ್ಕೆ!” ಎಂದು ಅಲ್ಲಿಂದಲೇ ಕೂಗಿದ. ಮುಂದೆ ದೊಡ್ಡಪ್ಪ, ಹಿಂದೆ ಅಪ್ಪ. ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನನಗೆ ಅಳುವೇ ಬಂತು, ಆದರೆ ಬಾಯಿಗೆ ಬಂದದ್ದು ಅಳುವಲ್ಲ.

“ಯುಗಾದೀಲಿ ಚೀಟಿ ಎತ್ಸಿದ್ರಲ್ಲ, ಯಾರ ಕೈಲಿ ಎತ್ಸಿದ್ರಿ? ಪಾಲಿಲ್ಲದ ಕೈ ಅಂದ್ರಿ. ತೋಟ ಹಂಚ್ಕೊಂಡ್ರಿ, ಮನೆ ಹಂಚ್ಕೊಂಡ್ರಿ, ಹೆತ್ತವ್ವನ್ನೂ ಹಂಚ್ಕೊಂಡ್ರಿ. ನಂಗೆ ಒಂದು ಹಿಡಿ ಮಣ್ಣು ಕೊಟ್ರಾ? ಇಲ್ಲ. ಹಂಗಾದ್ರೆ ನಾನು ಅಪ್ಪನ ಕಡೆಯೋಳೂ ಅಲ್ಲ, ನಿಮ್ಮ ಕಡೆಯೋಳೂ ಅಲ್ಲ. ಗಡಿ ಇರೋದು ನೆಲ ಇರೋರ್ಗೆ. ನಂಗೆ ಯಾವ ಗಡೀನೂ ಇಲ್ಲ. ನಾನು ನ್ಯೂಟ್ರಲ್!”

ದೊಡ್ಡಪ್ಪ ಕಣ್ಣು ಕಣ್ಣು ಬಿಟ್ಟ. “ಏನಂದ್ಲವ್ವ ಇವ್ಳು?”

“ನಾನೂ ಅದೇ ಕಣ್ಲಾ ಮಲ್ಲಾ” ಅಂದಳು ಅಜ್ಜಿ, ದೋಟಿಯನ್ನು ನೆಲಕ್ಕೆ ಕುಕ್ಕಿ. “ನಂಗೂ ಪಾಲಿಲ್ಲ. ಸರಿ ಅತ್ಲಾಗೆ. ಇಲ್ಲಾಂದ್ರೆ ಈ ಕುಡ್ಲಿಗೆ ನಿನ್ನ ಪಂಚೆ ಸಿಕ್ಕಿಸ್ತೀನಿ.”

ಬೆಳೆದ ಹೆಣ್ಣುಮಗಳ ರಟ್ಟೆ ಹಿಡಿಯಲು ದೊಡ್ಡಪ್ಪನಿಗೆ ಮನಸ್ಸಾಗಲಿಲ್ಲ, ಹೆತ್ತವಳ ಕೈಯಿಂದ ದೋಟಿ ಕಸಿಯಲು ಧೈರ್ಯವಾಗಲಿಲ್ಲ. ಅವನು ಸರಿಯಲಿಲ್ಲ. ನಾನೇ ಅವನ ಪಕ್ಕದಿಂದ, ಅವನ ಹೆಗಲಿಗೆ ಹೆಗಲು ತಾಗಿಸಿಕೊಂಡು ದಾಟಿದೆ. ಓಡಲಿಲ್ಲ. ಓಡಿದರೆ ಕದ್ದು ಹೋದ ಹಾಗಾಗುತ್ತಿತ್ತು. ಕಂಡಕ್ಟರ್ ನನ್ನ ಕೈಯ ರಕ್ತ ನೋಡಿ ಏನಮ್ಮಾ ಅಂದ. ಬೇಲಿ ಅಂದೆ.

ಪ್ರಶ್ನೆಪತ್ರಿಕೆಯಲ್ಲಿ ಯುದ್ಧವೂ ಇರಲಿಲ್ಲ, ಸಂಧಾನವೂ ಇರಲಿಲ್ಲ. ಒಂದು ನರಿಯ ಕಥೆ, ಒಂದು ರೈಲು ಪ್ರಯಾಣ, ಹೆಡ್‌ಮಾಸ್ಟರಿಗೆ ಒಂದು ರಜಾ ಅರ್ಜಿ. ನನಗೆ ಬಂದ ಇಂಗ್ಲಿಷಿನಲ್ಲೇ ಬರೆದೆ. ನರಿ ದ್ರಾಕ್ಷಿ ತೋಟದಿಂದ ತನ್ನ ಪಡೆಗಳನ್ನು ಹಿಂತೆಗೆದುಕೊಂಡಿತು. ರಜೆ ನಿರಾಕರಿಸಿದರೆ ಮುಂದಿನ ಗಂಭೀರ ಪರಿಣಾಮಗಳಿಗೆ ಶಾಲೆಯೇ ಹೊಣೆ ಎಂದು ಅರ್ಜಿಯಲ್ಲಿ ಎಚ್ಚರಿಸಿದೆ. ಓದಿದವರು ಹೆದರಿಕೊಂಡೇ ಪಾಸು ಮಾಡಿರಬೇಕು.

ಸಂಜೆ ಬಸ್ಸಿಳಿದರೆ ಬೇಲಿ ಮತ್ತೆ ಎದ್ದಿತ್ತು. ಮತ್ತೆ ಎಳೆದೆ. ಮಾರನೇ ದಿನ ಸುಮ್ಮನೆ ಹೋಗಿ ಬರಬೇಕು ಅಂತಲೇ ಎಳೆದೆ. ಹೊಸ ಮುಳ್ಳು ಕಡಿದು ತರುವುದು ದೊಡ್ಡಪ್ಪನಿಗೇ ಬೇಸರವಾಗಿ, ಕೊನೆಗೆ ಒಂದು ಆಳು ನುಸುಳುವಷ್ಟು ಸಂದು ಹಾಗೇ ಉಳಿಯಿತು. ಅಪ್ಪ ನನ್ನ ಜೊತೆ ಮಾತು ಬಿಟ್ಟ. ನಾನೂ ಬಿಟ್ಟೆ.

ಫಲಿತಾಂಶ ಬಂತು. ಪಾಸಾಗಿದ್ದೆ. ಮೇಷ್ಟ್ರು ಅಜ್ಜಿಯ ಕೈಯಲ್ಲಿ ಕಲ್ಲುಸಕ್ಕರೆ ಕಳಿಸಿದರು. ಅಪ್ಪ ಮಾತು ಬಿಟ್ಟದ್ದನ್ನು ಮರೆತು ಹೇಳಿದ್ದು ಇಷ್ಟೇ: “ಪಾಸಾದೆ, ಸಂತೋಷ. ಟ್ರೈನಿಂಗು ಗೀನಿಂಗು ಅನ್ಬ್ಯಾಡ. ನಿನ್ನ ತುಮಕೂರಲ್ಲಿಟ್ಟು ಓದ್ಸೋಕೆ ನನ್ ಹತ್ರ ಏನೈತೆ? ಮಾಘದಲ್ಲಿ ಕಂದಿಕೆರೆಯೋರು ಬತ್ತಾರೆ.”

ಮಾಘಕ್ಕೆ ಮೊದಲು ಅಟ್ಟದ ಕಾಯಿಗೆ ವರ್ಷ ತುಂಬಿತು. ತಿಪಟೂರಿನ ಮಂಡಿಗೆ ಹೋಗಲು ಗಾಡಿ ಬಂದು ಹಳೇ ಮನೆ ಮುಂದೆ ನಿಂತಿತು. ಇಳಿಸಿ, ಸುಲಿದು, ಅಂಗಳದಲ್ಲಿ ಒಟ್ಟು ರಾಶಿ ಹಾಕಿದ್ದರು. ಸದಾಶಿವಯ್ಯ ಬಂದು ಕೂತಿದ್ದ. ಹಂಚಲು ನಿಷ್ಪಕ್ಷಪಾತದ ಕೈ ಬೇಕು ಅಂತ ನನ್ನನ್ನೇ ಕರೆಸಿದರು. ಅಪ್ಪ ತನ್ನ ಬದುವಿನ ಕಲ್ಲಿನ ಆಚೆ ನಿಂತಿದ್ದ, ದೊಡ್ಡಪ್ಪ ಈಚೆ ಜಗುಲಿಯ ಮೇಲೆ.

ನಾನು ರಾಶಿಯ ಮುಂದೆ ಕೂತು ಕೈ ಕಟ್ಟಿಕೊಂಡೆ.

“ಸುರು ಮಾಡವ್ವ” ಅಂದ ಸದಾಶಿವಯ್ಯ. “ಅಣ್ಣಂಗೊಂದು, ತಮ್ಮಂಗೊಂದು. ಎರ್ಡು ಗುಡ್ಡೆ.”

“ಮೂರು” ಅಂದೆ. “ನಂದೂ ಒಂದು.”

“ಹೆಣ್ಮಕ್ಳಿಗೆ ಪಾಲೆಲ್ಲೈತವ್ವಾ? ನೀನು ಅದೇನೋ ಇಂಗ್ಲಿಷಲ್ಲಿ ಅಂದ್ಯಂತೆ, ಪಾಲಿಲ್ದಿರೋ ಮೂರ್ನೇ ದೇಶ ಅಂತ ನಿಮ್ಮಜ್ಜಿ ಅಂದ್ರು?”

“ಆ ಮೂರ್ನೇ ದೇಶಕ್ಕೂ ನೆಲ ಐತೆ ಯಜಮಾನ್ರೇ. ನೆಲ ಇಲ್ದೆ ಇರೋದಕ್ಕೆ ದೇಶ ಅನ್ನಲ್ಲ. ಇಷ್ಟು ದಿನ ನಂಗೆ ಪಾಲಿಲ್ಲ ಅಂತ ನಿಮ್ಗೆ ಅನುಕೂಲ ಆಯ್ತು. ನನ್ನ ಕೈ ಬೇಕು ಅಂದ್ರೆ ಈಗ ಅದಕ್ಕೂ ಒಂದು ಗುಡ್ಡೆ ಹಾಕಿ.”

“ಇವ್ಳಲ್ದಿದ್ರೆ ಊರಲ್ಲಿ ಬ್ಯಾರೆ ಹೆಣ್ಣುಮಕ್ಳಿಲ್ವಾ” ಅಂತ ದೊಡ್ಡಪ್ಪ ಎದ್ದ. ಪಕ್ಕದ ಮನೆ ಪುಟ್ಟಗಂಗಮ್ಮ ಮಗಳ ಜೊತೆ ನೋಡುತ್ತಾ ನಿಂತಿದ್ದಳು. ಮಗಳ ಎರಡೂ ಕೈಯನ್ನು ತನ್ನ ಸೆರಗಿನೊಳಗೆ ಎಳೆದುಕೊಂಡಳು.

ಅಜ್ಜಿ ಕೂತಲ್ಲಿಂದಲೇ ಅಂದಳು: “ಕರಿ ಹೋಗ್ಲಾ, ಯಾರ್ನ ಬೇಕಾದ್ರೂ ಕರಿ. ನೀನು ಹೋಗೋಕೆ ಮುಂಚೆ ನಾನು ಮನೆ ಮನೆಗೆ ಹೋಗಿ ನೀವೂ ಪಾಲು ಕೇಳಿ ಅಂತ ಹೇಳ್ಕೊಟ್ಟು ಬತ್ತೀನಿ.”

ಗಾಡಿಯವನು ಬಿಸಿಲು ಏರ್ತಾ ಐತೆ ಕಣ್ರೀ ಅಂತ ಗೊಣಗಿದ. ದೊಡ್ಡಪ್ಪ ಜಗುಲಿ ಇಳಿದು ಬದುವಿನ ಕಡೆ ನಾಲ್ಕು ಹೆಜ್ಜೆ ಹೋದ. “ಏನ್ಲಾ ತೋಂಟಾ, ಏನ್ ಮಾಡಾನ?” ಯುಗಾದಿಯಿಂದೀಚೆಗೆ ಅಣ್ಣ ತಮ್ಮನಿಗೆ ಆಡಿದ ಮೊದಲ ಮಾತು ಅದು. ಅಪ್ಪ ಕಲ್ಲಿನ ಆಚೆಯಿಂದಲೇ ಅಂದ, “ನಿನ್ನ ಮಾತೂ ಕೇಳಿಲ್ಲ, ನನ್ನ ಮಾತೂ ಕೇಳಿಲ್ಲ ಅವ್ಳು. ಹಾಕು ಅತ್ಲಾಗೆ.”

“ಮೂರಲ್ಲ, ನಾಕು” ಅಂದಳು ಅಜ್ಜಿ. “ನಾನೇನು ಸತ್ತಿವ್ನಾ?”

ನಾಲ್ಕು ಗುಡ್ಡೆ ಬಿದ್ದವು. ದೊಡ್ಡಪ್ಪನಿಗೊಂದು, ಅಪ್ಪನಿಗೊಂದು, ಅಜ್ಜಿಗೊಂದು, ನನಗೊಂದು. ಅಜ್ಜಿಯ ಗುಡ್ಡೆಯೂ ನನ್ನದೂ ಒಂದೇ ಚೀಲಕ್ಕೆ ಹೋಗುವುದು ಅಂತ ಅವಳೂ ನಾನೂ ಮೊದಲೇ ಮಾತಾಡಿಕೊಂಡಿದ್ದೆವು. ಓದಿಸಲು ಏನೈತೆ ಅನ್ನುವ ಮಾತು ಅಪ್ಪನಿಗೆ ಉಳಿಯಲಿಲ್ಲ, ಕಂದಿಕೆರೆಯವರಿಗೆ ಬೇಡ ಅಂತ ಹೇಳಿ ಕಳಿಸಿದ. ಜೂನ್ ತಿಂಗಳಲ್ಲಿ ನಾನು ತುಮಕೂರಿಗೆ ಹೊರಟದ್ದು ಆ ಕೊಬ್ಬರಿಯ ಮೇಲೆಯೇ.

ಹಂಚುವಾಗ ಉಳಿದವರ ಕಾಯಿಯನ್ನು ಕೈಗೆ ಸಿಕ್ಕಿದ ಹಾಗೆ ಗುಡ್ಡೆಗೆ ಹಾಕುತ್ತಿದ್ದೆ. ನನ್ನ ಸರದಿ ಬಂದಾಗ ಮಾತ್ರ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಗಡಗಡ ಅಂತ ಚೆನ್ನಾಗಿ ಬಿಡಿಸಿಕೊಂಡದ್ದನ್ನೇ ಇಟ್ಟುಕೊಂಡೆ. ಸ್ವಲ್ಪ ಹೊತ್ತು ನೋಡಿದ ಅಪ್ಪನಿಗೆ ತಡೆಯಲಾಗಲಿಲ್ಲ.

“ಏನೇ ಇದು, ಆರಿಸ್ಕೊತೀಯಾ? ಯುಗಾದೀಲಿ ಎಷ್ಟು ನೆಟ್ಟಗಿತ್ತು ಈ ಕೈ!”

“ಆವಾಗ ಅದಕ್ಕೆ ಪಾಲಿರ್ಲಿಲ್ಲಪ್ಪ” ಅಂದು ಮುಂದಿನ ಕಾಯಿಯನ್ನು ಕಿವಿಗೆ ಹಿಡಿದೆ.